ಅಕ್ಕೋರು ಹೇಳ್ಯಾರ

ಊರಿನ ಹೆಸರು ಹೇಳುವುದಿಲ್ಲ. ಯಾದಗಿರಿ ಜಿಲ್ಲೆ, ಶಹಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು, ಕೆನಾಲ್ ನೀರು ಬಾರದ ಒಣ ಬೇಸಾಯದ ಊರು. ಇಷ್ಟು ಸಾಕು. ಜನರ ಹೆಸರೂ ಹೇಳುವುದಿಲ್ಲ. ನನ್ನ ಪ್ರಬಂಧದಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ಆದರೆ ಇನ್ನೂರು ಮನೆಯ ಊರಲ್ಲಿ ಹೆಸರು ಬದಲಿಸಿ ಏನು ಪ್ರಯೋಜನ ಹೇಳಿ? 'ಮೂರು ಹೆಣ್ಣುಮಕ್ಕಳ ತಾಯಿ, ಗಂಡ ಪುಣೆಯಲ್ಲಿ ಗಾರೆ ಕೆಲಸ' ಅಂತ ಬರೆದರೆ ಸಾಕು, ಅಲ್ಲಿನ ಶಾಲೆ ಹುಡುಗನೂ ಅದು ಯಾರು ಅಂತ ಹೇಳಿಬಿಡುತ್ತಾನೆ.

ನಾನು ಹುಟ್ಟಿ ಬೆಳೆದಿದ್ದು ಕಲಬುರಗಿಯಲ್ಲಿ. ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ. ವಿಷಯ ಸರಳ: ಹೊಲದ ಕೂಲಿಗೆ ಹೋಗುವ ಹೆಂಗಸರ 24 ತಾಸು ಎಲ್ಲೆಲ್ಲಿ ಹೋಗುತ್ತದೆ? ಇದೇನು ನನ್ನ ತಲೆಯಲ್ಲೇ ಹುಟ್ಟಿದ್ದಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದೇಶದ ಉದ್ದಗಲಕ್ಕೂ ಇಂಥ ಸಮೀಕ್ಷೆ ಮಾಡಿಸಿತ್ತು. ಬೆಳಗಿನ 4ರಿಂದ ಮರುದಿನ ಬೆಳಗಿನ 4ರವರೆಗೆ, ಅರ್ಧರ್ಧ ತಾಸಿನ ಲೆಕ್ಕ. ಮನೆಗೆಲಸಕ್ಕೆ ಹೆಂಗಸರದ್ದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರದ್ದು 97. ಆ 97 ನಿಮಿಷ ನೋಡಿ ಖುಷಿಪಡಬೇಡಿ, ಅದು ಮನೆಗೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ. ಕೈ ಹಾಕಿದವರೇ ಸುಮಾರು ನಾಲ್ವರಲ್ಲಿ ಒಬ್ಬರು. ದೇಶದ ಲೆಕ್ಕ ಸಿಕ್ಕಿತು, ಇನ್ನು ಒಂದೇ ಊರಲ್ಲಿ ಆರು ತಿಂಗಳು ಕೂತು ಅದೇ ಲೆಕ್ಕವನ್ನು ಹತ್ತಿರದಿಂದ ನೋಡೋಣ ಅಂತ ನಾನು ಹೊರಟೆ. ಯಾರ ತಂಟೆಗೂ ಹೋಗುವುದಿಲ್ಲ, ತಾವರೆ ಎಲೆ ಮೇಲಿನ ನೀರಿನ ಹಾಗೆ ಇದ್ದು ಬರುತ್ತೇನೆ ಅಂತ ಡೈರಿಯ ಮೊದಲ ಪುಟದಲ್ಲಿ ಬರೆದಿದ್ದೆ. ಈಗ ಓದಿದರೆ ನಾಚಿಕೆಯಾಗುತ್ತದೆ.

2023ರ ಜುಲೈ ಎರಡನೇ ವಾರ ಊರು ಸೇರಿದೆ. ಉಳಿಯಲು ಜಾಗ ಸಿಕ್ಕಿದ್ದು ಗೌಡರ ಮನೆಯಲ್ಲಿ. ನಮ್ಮ ಸೋದರಮಾವನಿಗೆ ಅವರ ಪರಿಚಯ ಇತ್ತು. ಮಾಳಿಗೆ ಮೇಲಿನ ಖೋಲಿ, ಫ್ಯಾನ್, ಬೀಗ ಹಾಕುವ ಬಚ್ಚಲು. ಇಲ್ಲಿ ಒಂದು ವಿಷಯ ಹೇಳಲೇಬೇಕು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಹಳ್ಳಿಯಲ್ಲಿ ಅಧ್ಯಯನಕ್ಕೆ ನಿಂತಾಗ ಇಳಿದುಕೊಂಡಿದ್ದು ಊರ ಪಟೇಲರ ಎತ್ತಿನ ಮನೆಯಲ್ಲಿ. ಯಾರ ಮನೆಯಲ್ಲಿ ಇಳಿಯುತ್ತೀರೋ ಅವರ ಕಿಟಕಿಯಿಂದಲೇ ಊರು ಕಾಣುತ್ತದೆ, ಉಳಿದವರು ನಿಮ್ಮನ್ನು ಆ ಮನೆಯವರು ಅಂತಲೇ ನೋಡುತ್ತಾರೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿ ಬಿದ್ದು ಅವರು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು, ಆಮೇಲೆ ಹೆಚ್ಚಾಗಿ ನೆನಪಿನಿಂದಲೇ ಆ ಊರನ್ನು ಬರೆದರು. ಇದೆಲ್ಲ ನನಗೆ ಬಾಯಿಪಾಠ. ಕೋರ್ಸ್ ವರ್ಕ್ ಪರೀಕ್ಷೆಯಲ್ಲಿ ಇದರ ಮೇಲೆ ಹತ್ತು ಅಂಕದ ಉತ್ತರ ಬರೆದು ಎಂಟು ತಗೊಂಡಿದ್ದೆ. ಹಾಗೆ ಬರೆದವಳು ನೆಟ್ಟಗೆ ಹೋಗಿ ಗೌಡರ ಮನೆಯಲ್ಲಿ ಬ್ಯಾಗು ಇಳಿಸಿದೆ.

ಮೊದಲ ವಾರ ಮನೆ ಮನೆಗೆ ಹೋಗಿ ಕುಟುಂಬದ ವಿವರ ಬರೆದುಕೊಳ್ಳುವುದು. ಒಪ್ಪಿಗೆ ಪತ್ರ ಓದಿ ಹೇಳಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಳ್ಳಬೇಕು, ಅದು ವಿಶ್ವವಿದ್ಯಾಲಯದ ನಿಯಮ. ಪತ್ರ ಓದುವ ಮೊದಲೇ ಎಲ್ಲ ಕಡೆ ಒಂದೇ ಪ್ರಶ್ನೆ: "ಗೃಹಲಕ್ಷ್ಮಿ ಹೆಸರು ಬರಕೊಳ್ಳಾಕ ಬಂದೀರೇನ್ರಿ ಅಕ್ಕೋರೆ?" ತಿಂಗಳಿಗೆ 2000 ರೂಪಾಯಿಯ ಆ ಯೋಜನೆಗೆ ನೋಂದಣಿ ಶುರುವಾಗಿದ್ದು ಅದೇ ಜುಲೈನಲ್ಲಿ. ಪಡಿತರ ಚೀಟಿಯಲ್ಲಿ ಯಾರು ಮನೆಯ ಯಜಮಾನಿಯೋ ಅವರಿಗೆ ದುಡ್ಡು. ಊರಲ್ಲಿ ಬೇರೆ ಮಾತೇ ಇರಲಿಲ್ಲ. ಅಂಥ ಹೊತ್ತಿನಲ್ಲಿ ಕೈಯಲ್ಲಿ ಫೈಲು ಹಿಡಿದ, ಕನ್ನಡಕ ಹಾಕಿದ, ಹೆಬ್ಬೆಟ್ಟು ಕೇಳುವ ಒಬ್ಬ ಹೆಂಗಸು ಮನೆ ಮುಂದೆ ನಿಂತು "ಈ ಮನೆ ಯಜಮಾನರು ಯಾರು?" ಅಂತ ಕೇಳಿದರೆ ಏನಾಗಬೇಕೋ ಅದೇ ಆಯಿತು. ನನ್ನ ಮೊದಲ 22 ಫಾರ್ಮುಗಳಲ್ಲಿ 19 ಮನೆಗೆ ಹೆಂಗಸರೇ ಯಜಮಾನರು! ಎರಡು ಮನೆಯಲ್ಲಿ ಅತ್ತೆ ಸೊಸೆ ಇಬ್ಬರೂ ಬೇರೆ ಬೇರೆಯಾಗಿ ಬಂದು "ನಂದೇ ಬರ್ಕೋರಿ" ಅಂದರು, ಮೂರನೇ ಮನೆಯಲ್ಲಿ ನಾನು ಹೋದ ಮೇಲೆ ಅತ್ತೆ ಸೊಸೆ ಎರಡು ದಿನ ಮಾತು ಬಿಟ್ಟಿದ್ದರಂತೆ. ನಾನು ಸರ್ಕಾರದವಳಲ್ಲ ಅಂತ ಎಷ್ಟು ಹೇಳಿದರೂ, "ಹೌದ್ರಿ ಹೌದ್ರಿ, ನಂದು ಮಾತ್ರ ಮ್ಯಾಲ ಹಾಕ್ರಿ" ಅಂತ ನಗುತ್ತಿದ್ದರು. ಆ 22 ಫಾರ್ಮು ಬದಿಗಿಟ್ಟು ಮತ್ತೆ ಶುರು ಮಾಡಿದೆ. ನಾನು ಕೇಳುವ ಪ್ರಶ್ನೆ ಕಾಗದದ ಮೇಲೆ ಇರುವುದಲ್ಲ, ಆ ವಾರ ಊರಿನ ಕಿವಿಗೆ ಕೇಳಿಸುವುದು ಅಂತ ಅವತ್ತು ಗೊತ್ತಾಯಿತು. ಗೊತ್ತಾಯಿತು ಅಂದುಕೊಂಡೆ, ಅಷ್ಟೇ.

ಆಮೇಲೆ ಹೊತ್ತಿನ ಹಾಳೆ. ಓದು ಬರಹ ಬಾರದವರೇ ಜಾಸ್ತಿ, ಹಾಗಾಗಿ 48 ಚೌಕದ ಒಂದು ದೊಡ್ಡ ಹಾಳೆ ಮಾಡಿಸಿ, ಚೌಕಕ್ಕೆ ಹಣೆಗೆ ಹಚ್ಚುವ ಟಿಕಳಿ ಅಂಟಿಸುವ ಉಪಾಯ ಹುಡುಕಿದೆ. ಕೆಂಪು ಟಿಕಳಿ ಮನೆಗೆಲಸ, ಹಸಿರು ಕೂಲಿ, ಹಳದಿ ಹೋಗುವುದು ಬರುವುದು, ನೀಲಿ ವಿಶ್ರಾಂತಿ. ಶಹಾಪುರದ ಬಳೆ ಅಂಗಡಿಯಲ್ಲಿ ಪಾಕೀಟುಗಟ್ಟಲೆ ಟಿಕಳಿ ಕೊಂಡೆ, ಅಂಗಡಿಯವ ಮದುವೆಗೇನ್ರಿ ಅಂದ. ಬಹಳ ಜಾಣ ಉಪಾಯ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಹದಿನೆಂಟು ಮನೆಗೆ ಹಂಚಿದೆ. ಹತ್ತೊಂಬತ್ತನೆಯದು ಓಣಿಯ ಕೊನೆಯ ಮನೆ. ಅಲ್ಲಿ ಒಬ್ಬ ಆಯಿ, ಎಪ್ಪತ್ತರ ಹತ್ತಿರ ವಯಸ್ಸು, ಇನ್ನೂ ಹೊಲದ ಕಸ ತೆಗೆಯಲು ಹೋಗುತ್ತಾಳೆ. ನಾನು ಪಾಕೀಟು ಮುಂದೆ ಹಿಡಿದು ವಿವರಿಸುತ್ತಾ ಹೋದೆ. ಆಯಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತನ್ನ ಬರಿ ಹಣೆ ಮುಟ್ಟಿಕೊಂಡು, "ಇಪ್ಪತ್ತು ವರ್ಷ ಆತು ಯವ್ವಾ, ನನ್ನ ಕೈಯಾಗ ಯಾರೂ ಟಿಕಳಿ ಕೊಟ್ಟಿದ್ದಿಲ್ಲ" ಅಂದಳು.

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಯಿಗೆ ಬೇಜಾರಾಗಿತ್ತೋ ಇಲ್ಲವೋ ಇವತ್ತಿಗೂ ಹೇಳಲಾರೆ, ನಗುತ್ತಲೇ ಇದ್ದಳು. ಒಲೆಯಿಂದ ಒಂದು ಇದ್ದಿಲು ತಂದು, "ನಾ ಗ್ವಾಡಿಗಿ ಗೆರಿ ಹೊಡಿತೀನಿ, ನೀ ಬಂದು ಎಣಿಸ್ಕೋ" ಅಂದಳು. ಹಾಗೆಯೇ ಮಾಡಿದಳು. ಮನೆಗೆಲಸಕ್ಕೆ ನೆಟ್ಟಗೆ ಗೆರೆ, ಕೂಲಿಗೆ ಅಡ್ಡ, ಹಾದಿಗೆ ಓರೆ. ಕೂತ ಹೊತ್ತಿಗೆ ಗೆರೆಯೇ ಇಲ್ಲ. ನೀಲಿಗೆ ಏನು ಗುರುತು ಆಯಿ ಅಂತ ಕೇಳಿದರೆ, "ಅದನ್ಯಾಕ ಬರೀಬೇಕು?" ಅಂದಳು. ನನ್ನ ಹದಿನೆಂಟು ಹಾಳೆಗಿಂತ ಆ ಗೋಡೆಯ ಲೆಕ್ಕವೇ ಕೊನೆಗೆ ಸರಿಯಾಗಿತ್ತು. ಮಿಕ್ಕವರ ಮನೆಯಲ್ಲಿ ಮಕ್ಕಳು ಟಿಕಳಿ ಕಿತ್ತು ಹಣೆಗೆ ಅಂಟಿಸಿಕೊಳ್ಳುತ್ತಿದ್ದರು.

ಹಾಳೆಗಳು ಬಾಗಿಲ ಪಕ್ಕ ಗೋಡೆಗೆ ಅಂಟಿದ್ದವು. ನಾಲ್ಕು ದಿನದಲ್ಲಿ ಅವು ಕೆಂಪಾದವು. ಇದು ಯಾರ ಕಣ್ಣಿಗೂ ಬೀಳುವುದಿಲ್ಲ ಅಂತ ನಾನು ಹೇಗೆ ಅಂದುಕೊಂಡೆನೋ! ಒಂದು ಮನೆಗೆ ಪಕ್ಕದವರು ಬಂದು, ಇಷ್ಟೊಂದು ಕೆಂಪು ಆಕೀದು, ನಿಂದು ಎಲ್ಲಿ ಅದನೋ ತಮ್ಮಾ ಅಂತ ಆಕೆಯ ಗಂಡನಿಗೆ ಚಾಷ್ಟಿ ಮಾಡಿದರಂತೆ. ರಾತ್ರಿ ಅವನು ಹಾಳೆ ಹರಿದು ಹಾಕಿದ. ಇದು ನನಗೆ ಆಮೇಲೆ ಗೊತ್ತಾಗಿದ್ದು. ಆಕೆ ನನಗೆ ಹೇಳಿದ್ದು ಮಗು ಹರಿಯಿತು ಅಂತ. ನಾನು ಹೊಸ ಹಾಳೆ ಕೊಟ್ಟೆ. ಮುಂದಿನ ವಾರ ಬಾಯಿಮಾತಿನಲ್ಲಿ ಕೇಳುವಾಗ ಆಕೆ, ಅವರು ನಾಲ್ಕು ದಿನದಿಂದ ಮುಂಜಾನೆ ತಾವೇ ನೀರು ತರುತ್ತಿದ್ದಾರೆ ಅಂದಳು. ನಾನು ಡೈರಿಯಲ್ಲಿ ಎಷ್ಟು ಸಂಭ್ರಮದಿಂದ ಬರೆದಿದ್ದೆ ಅಂದರೆ, ಎರಡು ಸಲ ಅಡಿಗೆರೆ ಎಳೆದಿದ್ದೆ. ನಾನು ಲೆಕ್ಕ ಕೇಳಿದ್ದಕ್ಕೆ ಒಂದು ಮನೆಯಲ್ಲಿ ಬದಲಾವಣೆ! ಅವನು ಒಂದು ಕೊಡವೂ ತಂದಿರಲಿಲ್ಲ. ಹಾಳೆ ನೋಡಿ ಮತ್ತೆ ಜಗಳವಾಗಬಾರದು ಅಂತ ಆಕೆ ಅವನ ಲೆಕ್ಕಕ್ಕೆ ತನ್ನ ನೀರು ಬರೆಸಿದ್ದಳು. ಆಕೆಯ 299 ನಿಮಿಷಕ್ಕೆ ನಾನು ಇನ್ನೊಂದು ಕೆಲಸ ಸೇರಿಸಿದ್ದೆ: ಗಂಡನ ಮಾನ ಕಾಯುವುದು. ಅದಕ್ಕೆ ಯಾವ ಬಣ್ಣದ ಟಿಕಳಿಯೂ ನನ್ನ ಹತ್ತಿರ ಇರಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಆಗಸ್ಟ್ ನಡುವೆ. ಆ ವರ್ಷದ ಆಗಸ್ಟ್ ನೆನಪಿರಬೇಕಲ್ವಾ, 1901ರಿಂದ ಲೆಕ್ಕ ಇಟ್ಟ ಮೇಲೆ ದೇಶ ಅಷ್ಟು ಒಣಗಿದ ಆಗಸ್ಟ್ ಕಂಡಿರಲಿಲ್ಲ. ಮುಂದೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಜುಲೈ ಕೊನೆಯ ಮಳೆಗೆ ಎದ್ದ ಹತ್ತಿ, ತೊಗರಿಯಲ್ಲಿ ಕಸ ತುಂಬಿತ್ತು, ಅದನ್ನು ತೆಗೆಯಲು ಆಳು ಬೇಕಿತ್ತು. ಊರಲ್ಲಿ ಹೆಂಗಸರ ಕೂಲಿ 200, ಗಂಡಸರದ್ದು 400. ನನ್ನ ಪ್ರಶ್ನೆಪಟ್ಟಿಯ 34ನೇ ಪ್ರಶ್ನೆ ಹೀಗಿತ್ತು: 'ಗಂಡಸರಿಗೂ ನಿಮಗೂ ಕೂಲಿಯಲ್ಲಿ ವ್ಯತ್ಯಾಸ ಯಾಕೆ ಅಂತ ನಿಮಗೆ ಅನ್ನಿಸುತ್ತದೆ?' ಹಿಂದೆಯೇ 35: 'ಖಾತ್ರಿ ಕೆಲಸದಲ್ಲಿ ನಿಮಗೆ ಎಷ್ಟು ಸಿಗುತ್ತದೆ?' ಸರ್ಕಾರದ ಉದ್ಯೋಗ ಖಾತ್ರಿ ಯೋಜನೆಯಲ್ಲಿ ಆ ವರ್ಷ ದಿನಕ್ಕೆ 316, ಗಂಡು ಹೆಣ್ಣು ಅಂತ ಭೇದ ಇರಲಿಲ್ಲ. ಎರಡು ಪ್ರಶ್ನೆಯನ್ನು ಒಂದರ ಹಿಂದೆ ಒಂದು ಇಟ್ಟವಳು ನಾನೇ. ಇಟ್ಟಾಗ ಏನೂ ಅನ್ನಿಸಿರಲಿಲ್ಲ. ಖರೇ ಹೇಳಬೇಕೆಂದರೆ ಸ್ವಲ್ಪ ಅನ್ನಿಸಿತ್ತು.

ಒಂದು ಮುಂಜಾನೆ ಹನ್ನೆರಡು ಹೆಂಗಸರು ಬುತ್ತಿ ಕಟ್ಟಿಕೊಂಡು ಬಂದವರು ಹೊಲಕ್ಕೆ ಹೋಗದೆ ಗೌಡರ ಅಂಗಳದಲ್ಲಿ ಕೂತರು. 250 ಕೊಟ್ಟರೆ ಬರುತ್ತೇವೆ ಅಂದರು. ನಾನು ಮೇಲೆ ಹಲ್ಲುಜ್ಜುತ್ತಿದ್ದೆ. ಗೌಡರ ದನಿ ಕೇಳಿಸಿತು: "ಯಾರು ಹೇಳ್ಯಾರ ನಿಮಗ ಇದನ್ನ?" ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಾರೋ ಒಬ್ಬರು, "ಅಕ್ಕೋರು ಹೇಳ್ಯಾರ" ಅಂದರು.

ಕೆಳಗೆ ಕರೆಸಿದರು. ಗೌಡರು ಸಿಟ್ಟಿನಲ್ಲಿ ಇರಲಿಲ್ಲ, ಅದೇ ಜಾಸ್ತಿ ಕಷ್ಟ. "ತಂಗಿ, ನೀ ಓದಾಕ ಬಂದೀಯೋ, ಸಂಘಟನಿ ಮಾಡಾಕ ಬಂದೀಯೋ? ಹೇಳಿಬಿಡು, ನಾವೇನು ಬ್ಯಾಡ ಅನ್ನಂಗಿಲ್ಲ." ನಾನು ಸ್ಪಷ್ಟವಾಗಿ ಹೇಳಿದೆ: ನಾನು ಯಾರಿಗೂ ಸಲಹೆ ಕೊಟ್ಟಿಲ್ಲ, ಪ್ರಶ್ನೆ ಕೇಳಿದ್ದೇನೆ ಅಷ್ಟೇ, ಇದು ಸಂಶೋಧನೆ, ಇವರ ಬೇಡಿಕೆಗೂ ನನಗೂ ಸಂಬಂಧ ಇಲ್ಲ. ಅಷ್ಟು ಶುದ್ಧ ಪುಸ್ತಕದ ಕನ್ನಡ ಆ ಅಂಗಳದಲ್ಲಿ ಅದಕ್ಕೂ ಮುಂಚೆ ಯಾರೂ ಮಾತಾಡಿರಲಿಕ್ಕಿಲ್ಲ. ಹೇಳುವಾಗ ನಾನು ಹೆಂಗಸರ ಕಡೆ ನೋಡಲಿಲ್ಲ. ಒಂದು ತಾಸು ಜಗ್ಗಾಟ ಆಗಿ 230ಕ್ಕೆ ಮುಗಿಯಿತು. ಅವರು ಎದ್ದು ಹೋದರು. ಸಂಜೆ ಗೌಡತಿ ಚಹಾ ಕೊಡುತ್ತಾ, "ನಾಡಿದ್ದು ನಮ್ಮ ಬೀಗರು ಬರ್ತಾರವಾ, ಮ್ಯಾಲಿನ ಖೋಲಿ ಬೇಕಾಗ್ತದ" ಅಂದರು. ಬೀಗರು ಬಂದರೋ ಇಲ್ಲವೋ ಗೊತ್ತಿಲ್ಲ. ನಾನಂತೂ ಮರುದಿನವೇ ಕಲಬುರಗಿ ಬಸ್ಸು ಹತ್ತಿದೆ.

ನನ್ನ ಗೈಡ್ ಎಲ್ಲ ಕೇಳಿ, ಆಗಸ್ಟ್ 10ರಿಂದ ಮುಂದಿನದ್ದನ್ನು ಬಿಟ್ಟುಬಿಡಿ, ಅದು ಕೆಟ್ಟ ಡೇಟಾ ಅಂದರು. ನಿಮ್ಮಿಂದ ಆಗಿದ್ದನ್ನು ನೀವೇ ಅಳೆಯುವುದು ಹೇಗೆ? ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆಗಸ್ಟ್ 9ರವರೆಗೆ ನಾನು ಅಲ್ಲಿ ಇರಲೇ ಇಲ್ಲವೇ? ಆ ಯಜಮಾನಿಯರು, ಆ ನೀರಿನ ಕೊಡ ಎಲ್ಲ ಒಳ್ಳೆಯ ಡೇಟಾವೇ? ಗ್ರಂಥಾಲಯದಲ್ಲಿ ಕೂತು ಓದತೊಡಗಿದೆ. ಇಂಥ ಮಾತು ಬಂದಾಗ ಎಲ್ಲರೂ ಹೇಳುವ ಕಥೆ ಹಾಥಾರ್ನ್‌ನದ್ದು. ಶಿಕಾಗೋ ಪಕ್ಕದ ಒಂದು ಫೋನ್ ಉಪಕರಣದ ಫ್ಯಾಕ್ಟರಿ. 1924ರಲ್ಲಿ ದೀಪದ ಬೆಳಕು ಜಾಸ್ತಿ ಮಾಡಿದರೆ ಕೆಲಸ ಜಾಸ್ತಿ ಆಗುತ್ತದೆಯೇ ಅಂತ ನೋಡಲು ಹೋದರಂತೆ, ಬೆಳಕು ಹೆಚ್ಚಿಸಿದರೂ ಕೆಲಸ ಏರಿತು, ಇಳಿಸಿದರೂ ಏರಿತು, ಯಾಕೆಂದರೆ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಅಂತ ಕೆಲಸದವರಿಗೆ ಗೊತ್ತಿತ್ತು, ಅಂತ ಕಥೆ. ಚೆನ್ನಾಗಿದೆ, ಅಲ್ವಾ? ನನಗೂ ಹಾಗೇ ಅನ್ನಿಸಿತು, ನನ್ನ ಅಂಗಳದ ಘಟನೆಗೆ ಅಳತೆ ತಗೊಂಡು ಹೊಲಿಸಿದ ಹಾಗಿತ್ತು. ಎರಡು ರಾತ್ರಿಯಲ್ಲಿ ಒಂದು ಅಧ್ಯಾಯ ಬರೆದೆ: ಸಂಶೋಧಕಿಯ ಪ್ರಶ್ನೆಯೇ ಕೂಲಿ ಹೋರಾಟ ಹುಟ್ಟಿಸಿದ್ದು ಹೇಗೆ. ಗೈಡ್‌ಗೂ ಇಷ್ಟವಾಯಿತು. ಪ್ರಾಮಾಣಿಕವಾಗಿದೆ, ವಿನಯ ಇದೆ ಅಂದರು.

ಆ ಕಥೆಯ ಮಿಕ್ಕ ಭಾಗ ಓದಿದ್ದು ಆಮೇಲೆ. ಅದೇ ಫ್ಯಾಕ್ಟರಿಯಲ್ಲಿ 1927ರಿಂದ ಒಂದು ಸಣ್ಣ ಕೋಣೆಯಲ್ಲಿ ಕೆಲವೇ ಹೆಂಗಸರನ್ನು ಕೂರಿಸಿ ವರ್ಷಗಟ್ಟಲೆ ನೋಡಿದರು. ನಡುವೆ ಇಬ್ಬರು ಬಹಳ ಮಾತಾಡುತ್ತಾರೆ, ಸಹಕರಿಸುವುದಿಲ್ಲ ಅಂತ ತೆಗೆದು ಬೇರೆ ಇಬ್ಬರನ್ನು ತಂದರು. ಕೂಲಿ ಕೊಡುವ ಪದ್ಧತಿಯನ್ನೂ ಬದಲಿಸಿದ್ದರು. ಹಳೆಯ ಅಂಕಿಗಳನ್ನು ಮತ್ತೆ ತೆಗೆದು ನೋಡಿದವರು, ನೀವು ಹೇಳುವಷ್ಟು ದೊಡ್ಡ ಪರಿಣಾಮ ಇಲ್ಲಿ ಕಾಣುವುದಿಲ್ಲ ಅಂದರು. ಓದಿದೆ, ಪುಸ್ತಕ ಮುಚ್ಚಿದೆ, ನನ್ನ ಅಧ್ಯಾಯ ಹಾಗೇ ಇಟ್ಟುಕೊಂಡೆ.

ನವೆಂಬರ್‌ನಲ್ಲಿ ಹತ್ತಿ ಬಿಡಿಸುವ ಹೊತ್ತಿಗೆ ಮತ್ತೆ ಊರಿಗೆ ಹೋದೆ. ಈ ಸಲ ಅಂಗನವಾಡಿ ಸಹಾಯಕಿಯ ಮನೆಯಲ್ಲಿ, ಅದೇ ಓಣಿಯಲ್ಲಿ. ಈ ಸಲ ಬರೀ ಕೇಳುವುದಿಲ್ಲ, ಜೊತೆಗೆ ಕೆಲಸ ಮಾಡುತ್ತೇನೆ ಅಂತ ನಿರ್ಧಾರ ಮಾಡಿದ್ದೆ. ಮುಂಜಾನೆ ಆರಕ್ಕೇ ಹೊಲಕ್ಕೆ. ಮಂಜು ಆರುವ ಮೊದಲು ಬಿಡಿಸಿದ ಹತ್ತಿ ಸ್ವಲ್ಪ ತೂಕ ಬರುತ್ತದೆ, ಮಾಲೀಕನಿಗೂ ಅದು ಗೊತ್ತು, ಕಾಟಾ ಹಾಕುವಾಗ ಅವನು ಅಷ್ಟನ್ನು ಹಿಡಿದುಕೊಂಡೇ ತೂಗುತ್ತಾನೆ, ಇದು ದಿನಾ ನಡೆಯುವ ಆಟ. ಸೀರೆ ಮೇಲೆ ಹಳೆ ಅಂಗಿ ಹಾಕಿಕೊಂಡು, ಸೊಂಟಕ್ಕೆ ಉಡಿ ಕಟ್ಟಿ, ಎರಡೂ ಕೈಯಲ್ಲಿ ಎರಡು ಕಾಯಿ ಹಿಡಿದು ಒಂದೇ ಎಳೆತಕ್ಕೆ ನಾಲ್ಕೂ ಎಸಳು ಹತ್ತಿ ಬರಬೇಕು. ನನಗೆ ಬರುತ್ತಿದ್ದುದು ಎರಡು ಎಸಳು ಮತ್ತು ಒಣ ಎಲೆಯ ಪುಡಿ. ಒಡೆದ ಕಾಯಿಯ ಸಿಪ್ಪೆ ತುದಿ ಸೂಜಿಯ ಹಾಗೆ ಉಗುರಿನ ಸಂದಿಗೆ ಇಳಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ನನ್ನ ಹತ್ತಿಗೆ ಅಲ್ಲಲ್ಲಿ ಕೆಂಪು ಚುಕ್ಕೆ.

ಸಂಜೆ ಕಾಟಾದಲ್ಲಿ ನನ್ನದು 11 ಕೆಜಿ. ಬೇರೆಯವರದ್ದು 35, 40. ಕೆಜಿಗೆ 10 ರೂಪಾಯಿ. ನನ್ನ ಪಕ್ಕದ ಸಾಲಿನಲ್ಲಿದ್ದ ಆಯಿಯದ್ದೂ, ಇನ್ನೊಬ್ಬ ಅಕ್ಕನದ್ದೂ ಅವತ್ತು 28, 29. ಯಾಕೆ ಕಡಿಮೆ ಅಂತ ಕೇಳುವುದೇ ಬೇಡ, ಇಡೀ ದಿನ ನನ್ನ ಉಡಿಯೊಳಗಿನ ಎಲೆ ಆರಿಸಿದ್ದು ಅವರೇ. ನಾನು ಅವರ ಕಷ್ಟ ಅರಿಯಲು ಹೋಗಿ ಅವರಿಗೆ ತಲಾ ನೂರು ರೂಪಾಯಿ ನಷ್ಟ ಮಾಡಿದ್ದೆ. ದುಡ್ಡು ಕೊಡಲು ಹೋದರೆ ಅಕ್ಕ ಬೈದಳು. ಆಯಿ ತಗೊಂಡಳು. ಆಯಿ ಮಾಡಿದ್ದೇ ಸರಿ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮರುದಿನ ಹೊಲದಲ್ಲಿ ರೊಟ್ಟಿ ಬಿಚ್ಚಿ ಕೂತಾಗ ನಾನೇ ಮಾತು ತೆಗೆದೆ. ಅವತ್ತು ಅಂಗಳದಲ್ಲಿ ನಿಮ್ಮನ್ನು ಬಿಟ್ಟುಕೊಟ್ಟೆ, ನನ್ನ ಪ್ರಶ್ನೆಯಿಂದಲೇ ನೀವು ಕೂಲಿ ಕೇಳಿದಿರಿ, ತೊಂದರೆ ಬಂದಾಗ ನಾನು ಕೈ ತೊಳೆದುಕೊಂಡೆ, ಅಂತೆಲ್ಲ. ತಯಾರಿ ಮಾಡಿಕೊಂಡು ಬಂದ ಮಾತು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪುಂಡಿಪಲ್ಯ ಬಡಿಸುತ್ತಿದ್ದ ಅಕ್ಕ ನಗು ತಡೆಯಲಾಗದೆ, "ನಿಮ್ಮ ಪ್ರಶ್ನಿಗೇನ್ರಿ? ಅಕ್ಕೋರೆ, ಬಸ್ಸಿಗ್ರಿ!" ಅಂದಳು.

ಬಸ್ಸು ಅಂದರೆ ಶಕ್ತಿ ಯೋಜನೆ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಇದಕ್ಕೂ ಮುಂಚೆ ಕೆನಾಲ್ ಕಡೆ ಊರುಗಳಿಗೆ ಭತ್ತದ ನಾಟಿಗೆ ಹೋಗಬೇಕೆಂದರೆ ಟಂಟಂ ಆಟೋಗೆ ಹೋಗಿ ಬರಲು 50 ರೂಪಾಯಿ ಕೊಡಬೇಕಿತ್ತು, ಅದೂ ಒಂದರಲ್ಲಿ ಹದಿನೈದು ಜನ ತುಂಬಿದರೆ. ಆ ಆಗಸ್ಟ್‌ನಲ್ಲಿ ಆರೂವರೆ ಬಸ್ಸು ಹತ್ತಿ, ಶಹಾಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದರೆ ಖರ್ಚೇ ಇಲ್ಲ. ನಾಟಿಗೆ ದಿನಕ್ಕೆ 350. ಕೆಲವರು ಹೋಗಿ ಬಂದರು, ಓಣಿಗೆಲ್ಲ ಹೇಳಿದರು. 350 ಸಿಗುವಾಗ ಇಲ್ಲಿ 200ಕ್ಕೆ ಯಾಕೆ ಬಗ್ಗಬೇಕು? ಕೂಲಿ ಕೇಳುವ ಮಾತು ನಾನು 34ನೇ ಪ್ರಶ್ನೆ ಕೇಳುವ ಮೊದಲೇ ಓಣಿಯಲ್ಲಿ ಎದ್ದಿತ್ತು. ಗೃಹಲಕ್ಷ್ಮಿ ದುಡ್ಡಿನಿಂದ ಬಂದ ಧೈರ್ಯವೇ ಅಂತಲೂ ಕೇಳಿದೆ. ಆ ಯೋಜನೆ ಚಾಲೂ ಆಗಿದ್ದೇ ಆಗಸ್ಟ್ 30ಕ್ಕೆ, ಅಂಗಳದಲ್ಲಿ ಕೂತಾಗ ಯಾರ ಖಾತೆಗೂ ಒಂದು ಪೈಸೆ ಬಂದಿರಲಿಲ್ಲ.

"ಮತ್ತೆ ನನ್ನ ಹೆಸರು ಯಾಕೆ ಹೇಳಿದಿರಿ?"

"ಬಸ್ಸು ಹತ್ತಿ ಬ್ಯಾರೆ ಊರಿಗೆ ಹೊಂಟೀವಿ ಅಂತ ಗೌಡ್ರ ಮುಂದ ಹೇಳಾಕ ಬರ್ತದೇನ್ರಿ? ಇಲ್ಲಿ ಆರಾಮಿಲ್ಲ ಅಂತ ಹೇಳಿ ಅಲ್ಲಿ ಹೋಗ್ತಿದ್ದಿವಿ. ನೀವಾದ್ರ ಓದಿದವರು, ಅವರ ಮನ್ಯಾಗ ಇದ್ದವರು, ನಿಮಗೇನು ಮಾಡ್ತಾರ? ಒಂದು ನೆವ ಬೇಕಿತ್ತು."

ಹಾಗಾದರೆ ನನಗೆ ಯಾಕೆ ಮೊದಲೇ ಹೇಳಲಿಲ್ಲ? ಈ ಪ್ರಶ್ನೆ ಬಾಯಿಗೆ ಬರುವ ಮೊದಲೇ ಉತ್ತರ ಹೊಳೆಯಿತು. ಗೌಡರ ಮಾಳಿಗೆಯಲ್ಲಿ ಮಲಗುವವಳಿಗೆ ಗೌಡರ ಹೊಲ ತಪ್ಪಿಸಿ ಎಲ್ಲಿ ಹೋಗುತ್ತೇವೆ ಅಂತ ಯಾರು ಹೇಳುತ್ತಾರೆ? ಆದರೆ ಬಾಯಲ್ಲಿ ಹೇಳದೇ ಇದ್ದದ್ದನ್ನು ಅವರು ಹಾಳೆಯ ಮೇಲೆ ಅಂಟಿಸಿದ್ದರು. ರಾತ್ರಿ ಲ್ಯಾಪ್‌ಟಾಪ್ ತೆಗೆದು ನೋಡಿದೆ. ಆಗಸ್ಟ್ ಮೊದಲ ವಾರದಲ್ಲಿ ಏಳು ಮನೆಯ ಹಾಳೆಯಲ್ಲಿ ಹಳದಿ ಟಿಕಳಿ ದಿನಕ್ಕೆ ಒಂದೆರಡು ಇದ್ದದ್ದು ಐದಾರಕ್ಕೆ ಏರಿತ್ತು. ಎರಡೂವರೆ, ಮೂರು ತಾಸು ದಾರಿಯಲ್ಲೇ. ಆಯಿಯ ಗೋಡೆಯ ಫೋಟೋದಲ್ಲೂ ಓರೆ ಗೆರೆಗಳು ಗುಂಪುಗುಂಪಾಗಿ ಇದ್ದವು. ನಾನು ಅವತ್ತು ಇದನ್ನು ನೋಡಿರಲಿಲ್ಲ ಅಂತಲ್ಲ. ನೋಡಿದ್ದೆ. ಹೊಲ ಇರುವುದು ಅರ್ಧ ತಾಸಿನ ದಾರಿಯಲ್ಲಿ, ಪಾಪ ಇವರಿಗೆ ಬಣ್ಣ ತಿಳಿದಿಲ್ಲ, ತಪ್ಪು ಅಂಟಿಸಿದ್ದಾರೆ ಅಂತ ಹೇಳಿ 'ಡೇಟಾ ಶುಚಿ' ಮಾಡುವಾಗ ಆ ಹಳದಿಯನ್ನೆಲ್ಲ ಹಸಿರು ಮಾಡಿದ್ದೆ. ಮೂಲ ಹಾಳೆಗಳು ಇದ್ದದ್ದಕ್ಕೆ ಬಚಾವು.

ಎರಡು ರಾತ್ರಿಯಲ್ಲಿ ಬರೆದ ಆ ಅಧ್ಯಾಯ ತೆಗೆದು ಹಾಕಿದೆ. ಅದರಲ್ಲಿ ವಿನಯ ಇತ್ತಲ್ಲ, ಅದೇ ದೊಡ್ಡ ಸುಳ್ಳು. ಮೊದಲು ನಾನು ಆ ಊರಲ್ಲಿ ಇಲ್ಲವೇ ಇಲ್ಲ ಅಂದುಕೊಂಡಿದ್ದೆ. ಆಮೇಲೆ ತಪ್ಪು ಒಪ್ಪಿಕೊಳ್ಳುವ ಹುರುಪಿನಲ್ಲಿ, ಊರಲ್ಲಿ ನಡೆದದ್ದೆಲ್ಲ ನನ್ನಿಂದಲೇ ಅಂದುಕೊಂಡೆ. ಎರಡರಲ್ಲೂ ಆ ಹನ್ನೆರಡು ಹೆಂಗಸರಿಗೆ ಸ್ವಂತ ಬುದ್ಧಿ ಇರಲಿಲ್ಲ. ಹೊಸ ಅಧ್ಯಾಯ ಬರೆಯಲು ಏಳು ತಿಂಗಳು ಹಿಡಿಯಿತು. ಯಾವ ದಿನ ನಾನು ಎಲ್ಲಿ ಉಳಿದಿದ್ದೆ, ಯಾರ ಮನೆಯಲ್ಲಿ ಉಂಡೆ, ಆ ವಾರ ಯಾವ ಯೋಜನೆಯ ಗದ್ದಲ ಇತ್ತು, ಎಷ್ಟು ಗಂಟೆಗೆ ಯಾವ ಬಸ್ಸು, ಎಲ್ಲವನ್ನೂ ಅವರ ಲೆಕ್ಕದ ಪಕ್ಕದಲ್ಲೇ ನನ್ನದೂ ಒಂದು ಹಾಳೆ ಮಾಡಿ ಇಟ್ಟೆ. ನೀರಿನ ಕೊಡದ ಸುಳ್ಳನ್ನೂ ಆಕೆಯ ಒಪ್ಪಿಗೆ ಕೇಳಿ ಹಾಕಿದೆ. ಹಾಕಿರಿ, ಆದರೆ ಮಕ್ಕಳ ಲೆಕ್ಕ ಬದಲಿಸಿರಿ ಅಂದಳು, ಬದಲಿಸಿದ್ದೇನೆ. ಗೈಡ್‌ಗೆ ಮೊದಲಿನ ಆವೃತ್ತಿಯೇ ಚೆನ್ನಾಗಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಹಾಗಾದರೆ ನಿಮ್ಮ ಪ್ರಭಾವ ಶೇಕಡಾ ಎಷ್ಟು ಅಂತ ಕೇಳಿದರು. ತಮಾಷೆ ಮಾಡುತ್ತಿದ್ದಾರೆ ಅಂತ ನಕ್ಕೆ. ಅವರು ನಗಲಿಲ್ಲ. ಹೇಗೋ ದಾಟಿತು.

ಪದವಿ ಬಂದ ಮೇಲೆ ಒಂದು ಭಾನುವಾರ ಊರಿಗೆ ಹೋದೆ. ಆಧಾರ್ ತೋರಿಸಿ ಪುಕ್ಕಟೆ ಟಿಕೆಟ್‌ನಲ್ಲೇ. ಆಯಿಯ ಮನೆ ಕಟ್ಟೆ ಮೇಲೆ ಐದಾರು ಜನ ಸೇರಿದರು. ಗೋಡೆಗೆ ದೀಪಾವಳಿಯಲ್ಲಿ ಸುಣ್ಣ ಬಿದ್ದಿತ್ತು, ಆದರೂ ಇದ್ದಿಲ ಗೆರೆ ಅಲ್ಲಲ್ಲಿ ಬೂದಿ ಬಣ್ಣದಲ್ಲಿ ಮೇಲೆ ಕಾಣುತ್ತಿತ್ತು. ಆ ಅಧ್ಯಾಯವನ್ನು ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಬಸ್ಸಿನ ಭಾಗ ಬಂದಾಗ ನಕ್ಕರು, ಟಿಕಳಿಯ ಭಾಗ ಬಂದಾಗ ಆಯಿಯ ಬೆನ್ನಿಗೆ ಒಬ್ಬರು ಗುದ್ದಿದರು. ಅಂಗಳದ ಭಾಗ ಓದಿದೆ: ಗೌಡರು ಏನು ಕೇಳಿದರು, ನಾನು ಎಷ್ಟು ಸ್ಪಷ್ಟವಾಗಿ ಏನು ಉತ್ತರ ಕೊಟ್ಟೆ, ಹೇಗೆ 230 ಆಯಿತು. ಮೇಲೆ ನಿಮಗೆ ಹೇಳಿದೆನಲ್ಲ, ಹೆಚ್ಚುಕಮ್ಮಿ ಹಾಗೆಯೇ.

ಆಯಿ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಿದಳು.

"ಎಲ್ಲಾ ಖರೇ ಬರ್ದೀದಿ. ಆದ್ರ ಅವತ್ತು ಗೌಡ್ರ ಮುಂದ ನಿಂತು ನೀ ಬಿಕ್ಕಿ ಬಿಕ್ಕಿ ಅತ್ತಿದ್ದೆಲ್ಲ, ಅದನ್ಯಾಕ ಬಿಟ್ಟಿ?"

ಕಟ್ಟೆ ಮೇಲಿದ್ದ ಎಲ್ಲರೂ ಹೌದು ಹೌದು ಅಂದರು. ಹೌದು, ಅತ್ತಿದ್ದೆ. ಆ ಪುಸ್ತಕದ ಕನ್ನಡವನ್ನೆಲ್ಲ ಮೂಗು ಒರೆಸಿಕೊಳ್ಳುತ್ತಾ ಹೇಳಿದ್ದು. ಡೈರಿಯಲ್ಲೂ ಬರೆದಿರಲಿಲ್ಲ.

"ನೀ ಅಳೂದು ನೋಡಿ ಗೌಡ್ತಿ ಒಳಗಿಂದ ಗೌಡ್ರನ್ನ ಕರೆದ್ಲು. ಮನಿಗೆ ಬಂದ ಹೆಣ್ಣಮಗಳು ಅಂಗಳದಾಗ ಅಳ್ತಾಳ, ನಾಕು ಮಂದಿ ನೋಡ್ತಾರ, ಏನ ಕೊಡೂದು ಕೊಟ್ಟು ಮುಗಸ್ರಿ ಅಂದ್ಲು. ಅದಕ್ಕ ಮೂವತ್ತು ರೂಪಾಯಿ ಬಂತು."

ನಾನು ಸುಮ್ನೆ ಇರಲಿಲ್ಲ. ಹಾಗಲ್ಲ ಆಯಿ, ಬಸ್ಸು ಇತ್ತಲ್ಲ, ನಾಟಿ ಇತ್ತಲ್ಲ, ಆಳು ಸಿಗುತ್ತಿರಲಿಲ್ಲ, ಅದಕ್ಕೇ ಗೌಡರು ಒಪ್ಪಿದ್ದು ಅಂತ ವಾದ ಮಾಡಿದೆ. ತೊಡೆ ಮೇಲೆ ಕಪ್ಪು ರಟ್ಟಿನ ಪ್ರಬಂಧ ಇತ್ತು, ಅದರ ಇನ್ನೊಂದು ಪ್ರತಿ ಆಗಲೇ ಗ್ರಂಥಾಲಯದ ಕಪಾಟು ಸೇರಿತ್ತು.

"ಬಸ್ಸೂ ಹೌದು" ಅಂದಳು ಆಯಿ, ಮೊರವನ್ನು ಒಂದು ಸಲ ಎತ್ತಿ ಕೇರಿ, ಹೊಟ್ಟು ನನ್ನ ಕಡೆ ಹಾರದ ಹಾಗೆ ಆಚೆ ತಿರುಗಿ ಕೂತಳು.